ನಸ್ರೀನ್ ಯಾರ ವಕೀಲೆ?

ವಕೀಲರ ನೋಟಿಸ್ ಬಂದರೆ ಏನು ಮಾಡಬೇಕು? ಇನ್ನೊಬ್ಬ ವಕೀಲರ ಹತ್ತಿರ ಓಡಬೇಕು. ಅಷ್ಟು ಬುದ್ಧಿ ನನಗೂ ಇದೆ, ನನ್ನ ತಮ್ಮನಿಗೂ ಇದೆ. ಓಡಿದೆವು. ಆದರೆ ಓಡಿ ಹೋಗಿ ಕುಳಿತದ್ದು ಆ ನೋಟಿಸ್ ಕಳಿಸಿದ ವಕೀಲೆಯ ಮುಂದೆಯೇ.

ನಗಬೇಡಿ. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಇರುವ ನೋಟಿಸನ್ನು ಕೊನೆಯ ಸಹಿಯವರೆಗೆ ಓದುವವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ನಾವು ಮೊದಲ ಪುಟ ಓದಿದೆವು. ಸಾಲಿಗೊಂದು ‘ಪೇಟೆಂಟ್’ ಇತ್ತು. ತಕ್ಷಣ ನಿಲ್ಲಿಸಿ ಎಂಬ ಅರ್ಥದ ವಾಕ್ಯ ದಪ್ಪ ಅಕ್ಷರದಲ್ಲಿತ್ತು. ಅಲ್ಲಿಗೆ ತಮ್ಮನ ಮುಖ ಬಿಳಿಚಿತು. ಉಳಿದ ಪುಟ ಯಾರು ತಿರುವುತ್ತಾರೆ?

ತಮ್ಮ ಶಿವಾನಂದನದು ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ವರ್ಕ್‌ಶಾಪ್. ಒಣ ಮೆಣಸಿನಕಾಯಿಯ ತೊಟ್ಟು (ನಮ್ಮ ಕಡೆ ತುಂಬು ಅನ್ನುತ್ತೇವೆ) ಬಿಡಿಸುವ ಮಷೀನ್ ಮಾಡುತ್ತಾನೆ. ಗ್ರಿಲ್, ಗೇಟು ಎಲ್ಲ ಬಿಟ್ಟು ಈಚೆಗೆ ಅದೊಂದನ್ನೇ ನಂಬಿಕೊಂಡಿದ್ದಾನೆ. ನೋಟಿಸ್ ಕೊಟ್ಟ ಕಂಪನಿಯೂ ಅಂಥದೇ ಮಷೀನ್ ಮಾಡುತ್ತದೆ. ಅವನಿಗಿಂತ ಮೊದಲಿಂದ, ಅವನಿಗಿಂತ ದೊಡ್ಡದಾಗಿ. ನಮಗೆ ಪೇಟೆಂಟ್ ಇದೆ, ನೀನು ನಮ್ಮದನ್ನು ನಕಲು ಮಾಡಿದ್ದೀ, ನಿಲ್ಲಿಸು. ಇದು ನೋಟಿಸಿನ ಸಾರ.

“ಅಕ್ಕಾ, ನಿಮ್ಮ ಓಣ್ಯಾಗ ಒಬ್ಬಾಕಿ ಅದಾಳಲ್ಲ, ಇಂಥವನ್ನ ನೋಡಾಕಿ,” ಅಂದ.

ಇದ್ದಾಳೆ. ನಸ್ರೀನ್. ನಮ್ಮಿಂದ ಎರಡು ಮನೆ ಆಚೆ. ಮೋಟರ್ ರಿವೈಂಡಿಂಗ್ ಅಂಗಡಿಯ ಇಬ್ರಾಹಿಂ ಸಾಹೇಬರ ಮಗಳು. (ಅವಳ ನಿಜವಾದ ಹೆಸರು ಬೇರೆ. ಬರೆಯುವುದಾದರೆ ಹೆಸರು, ಗುರುತು ಬದಲಿಸಿ ಬರೆಯಿರಿ ಎಂಬುದು ಅವಳದೇ ಷರತ್ತು.) ಮನೆಯ ಕೆಳಗೇ ಅಂಗಡಿ, ದಿನವಿಡೀ ಮೋಟರ್ ಟೆಸ್ಟಿಂಗಿನ ಗದ್ದಲ. ಅದಕ್ಕೇ ಅವಳು ಪಿಯುಸಿ ಓದಿದ್ದೆಲ್ಲ ನಮ್ಮ ಮಾಳಿಗೆಯ ಮೇಲೆ.

ಅವಳ ಓದು ನೋಡಿಯೇ ಓಣಿಗೆ ತಲೆ ತಿರುಗಿತ್ತು. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದಳು. ಇನ್ನೇನು ನೌಕರಿ ಅಂದುಕೊಂಡರೆ ಲಾ ಕಾಲೇಜಿಗೆ ಸೇರಿದಳು. ಲಾ ಮುಗಿಯಿತು, ಇನ್ನೇನು ಕೋರ್ಟು ಅಂದುಕೊಂಡರೆ ಪೇಟೆಂಟ್ ಏಜೆಂಟ್ ಎನ್ನುವ ಇನ್ನೊಂದು ಪರೀಕ್ಷೆಗೆ ಕುಳಿತಳು. ಅದಕ್ಕೆ ವಕೀಲರಾಗಿದ್ದರೆ ಸಾಲದಂತೆ, ವಿಜ್ಞಾನದ್ದೋ ಎಂಜಿನಿಯರಿಂಗಿನದೋ ಡಿಗ್ರಿ ಇರಬೇಕಂತೆ.

“ಹಂಗಾರ ನೀ ಎಂಜಿನಿಯರೋ, ವಕೀಲೋ?” ಎಂದು ಒಮ್ಮೆ ಕೇಳಿದ್ದೆ.

“ಎರಡೂ ಅರ್ಧರ್ಧ ಕಾಕು,” ಅಂದಿದ್ದಳು. (ಅವಳಿಗೆ ನಾನು ಕಾಕು, ಅಂದರೆ ಚಿಕ್ಕಮ್ಮ.)

ಅವರಪ್ಪನನ್ನು ಕೇಳಿದರೆ ಇನ್ನೂ ಕಷ್ಟ. “ನಾ ಮೋಟರ್ ಸುತ್ತಾಂವ ಅಕ್ಕಾರ. ಆಕಿ ಏನ ಸುತ್ತತಾಳೋ ನನಗೂ ತಿಳಿದಿಲ್ರಿ.”

ನನಗೆ ತಿಳಿದಷ್ಟು ಹೇಳುತ್ತೇನೆ. ಯಾರೋ ಹೊಸದೊಂದು ಮಷೀನನ್ನೋ, ಮೊಬೈಲಿನೊಳಗಿನ ಯಾವುದೋ ಕರಾಮತ್ತನ್ನೋ ಕಂಡುಹಿಡಿಯುತ್ತಾರೆ. ಅದನ್ನು ಶಬ್ದಗಳಲ್ಲಿ ಕಟ್ಟಿ ಪೇಟೆಂಟ್ ಕಚೇರಿಗೆ ಕಳಿಸುವುದು ಅವಳ ಒಂದು ಕೆಲಸ. ಆಮೇಲೆ ಅದರ ಸಲುವಾಗಿ ಜಗಳ ಬಿದ್ದರೆ ಕೋರ್ಟಿನಲ್ಲಿ ನಿಂತು ವಾದಿಸುವುದು ಇನ್ನೊಂದು. ಹೊಲಮನೆ ಪಾಲಿನ ಕೇಸು ಹಿಡಿಯುವ ವಕೀಲರು ನಮ್ಮಲ್ಲಿ ಬೇಕಾದಷ್ಟು. ಈ ಕೆಲಸದವರು ತೀರ ಕಡಿಮೆ. ಅಂಥವಳು ನಮ್ಮ ಓಣಿಯಲ್ಲೇ ಇರುವಾಗ ಚಿಂತೆ ಯಾಕೆ?

ಭಾನುವಾರ ಬೆಳಿಗ್ಗೆ ಕವರ್ ಹಿಡಿದು ಇಬ್ಬರೂ ಹೋದೆವು. ಚಹಾ ತಂದಿಟ್ಟಳು. ತಮ್ಮನ ಪರಿಚಯ ಹೇಳಿದೆ. ಅವನು ಕವರನ್ನು ಟೀಪಾಯಿ ಮೇಲೆ ಇಟ್ಟ. ಅದರ ಮೇಲಿದ್ದ ವರ್ಕ್‌ಶಾಪಿನ ಹೆಸರನ್ನು ಅವಳು ಓದಿದ್ದು ನನಗೆ ಕಂಡಿತು. ಕುಳಿತವಳು ಎದ್ದು ನಿಂತಳು.

“ಮಾಮಾ, ಅದನ್ನ ಬಿಚ್ಚಬ್ಯಾಡ್ರಿ. ನನ್ನ ಮುಂದ ಏನೂ ಹೇಳಲಿಕ್ಕೂ ಹೋಗಬ್ಯಾಡ್ರಿ.”

“ಯಾಕವಾ?” ಅಂದೆ.

“ಅದನ್ನ ಕಳಿಸಿದಾಕಿ ನಾನ ಕಾಕು. ಇವ್ರು ನಿಮ್ಮ ತಮ್ಮ ಅಂತ ನನಗ ಗೊತ್ತಿರಲಿಲ್ಲ.”

ತಮ್ಮನಿಗೆ ಜೀವ ಬಂದಂತಾಯಿತು. “ಹಂಗಾರ ಛಲೋನ ಆತಲ್ಲ. ನೀನ ಕಳಿಸೀದಿ, ನೀನ ವಾಪಸ್ ತಗೊಂಡ್ಬಿಡು.”

“ಹಂಗ ಬರಂಗಿಲ್ಲ ಮಾಮಾ. ಅವ್ರು ನನ್ನ ಕ್ಲೈಂಟ್.”

“ನಾವ್ಯಾರು ಹಂಗಾರ?” ಇದು ನಾನು ಕೇಳಿದ ಪ್ರಶ್ನೆ.

“ನೀವು ಇಲ್ಲೆ ಹೇಳಿದ್ದು ನಾಳೆ ನಿಮಗ ತಿರುಗಿ ಬರತೈತಿ. ಅದಕ್ಕ ಹೇಳಾಕತ್ತೇನಿ, ಸುಮ್ನಿರ್ರಿ,” ಅಂದಳು ತಮ್ಮನಿಗೆ. ಇದು ಕಾಳಜಿಯೋ, ಬೆದರಿಕೆಯೋ? ನನಗೆ ಗೊತ್ತಾಗಲಿಲ್ಲ. ತಮ್ಮನಿಗೆ ಮಾತ್ರ ಅನುಮಾನವಿರಲಿಲ್ಲ. ಚಹಾ ಮುಟ್ಟದೆ ಎದ್ದ. ಬಾಗಿಲ ತನಕ ಬಂದ ನಸ್ರೀನ್, ನಮ್ಮಿಬ್ಬರ ಮುಖವನ್ನೂ ನೋಡದೆ ಒಂದು ಮಾತು ಹೇಳಿದಳು.

“ಸೈನ್ಸ್ ಓದಿದ ವಕೀಲರನ್ನ ಹುಡುಕ್ರಿ. ಲಗೂ ಹುಡುಕ್ರಿ.”

ಬಾಗಿಲು ಹಾಕಿಕೊಂಡಿತು.

“ಮನಿ ಮಗಳಂಗ ಅಂತಿದ್ದೆಲ್ಲ. ಮನಿ ಮಗಳು ಹಿಂಗ ಮಾಡತಾಳೇನು?” ಅಂದ ತಮ್ಮ ರಸ್ತೆಯಲ್ಲಿ.

ಸೈನ್ಸ್ ಓದಿದ ವಕೀಲರನ್ನು ಹುಡುಕುವುದು ಕಷ್ಟವಾಗಲಿಲ್ಲ. ನಾಲ್ಕು ಕಡೆ ವಿಚಾರಿಸಿದರೆ ನಾಲ್ಕು ಕಡೆಯೂ ಅದೇ ಹೆಸರು: ಧಾರವಾಡದ ದೇಸಾಯಿ ವಕೀಲರು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದವರು, ನಡುವಯಸ್ಸಿನಲ್ಲಿ ನೌಕರಿ ಬಿಟ್ಟು ಲಾ ಓದಿ ಕರಿಕೋಟು ಹಾಕಿಕೊಂಡವರು. ಅವರ ಮನೆಗೆ ಹೋದ ಮೇಲೆ ಗೊತ್ತಾಯಿತು, ನಸ್ರೀನ್ ಮೊದಲು ಜೂನಿಯರ್ ಆಗಿ ಕೆಲಸ ಕಲಿತದ್ದೂ ಅವರ ಹತ್ತಿರವೇ ಎಂದು.

ಅವರು ನೋಟಿಸನ್ನು ಪೂರ್ತಿ ಓದಿದರು. ಕೊನೆಯ ಸಹಿಯವರೆಗೆ. “ಛಲೋ ಬರದಾಳ,” ಅಂದರು, ಪೇಪರು ತಿದ್ದಿದ ಮೇಷ್ಟರ ಹಾಗೆ. ತಮ್ಮ ನನ್ನ ಮುಖ ನೋಡಿದ.

ಆಮೇಲೆ ತಮ್ಮನ ಕಡೆ ತಿರುಗಿದರು. “ಅವರ ಮಷೀನ್ ನೀವು ನೋಡಿದ್ರೇನು? ಖರೇ ಹೇಳ್ರಿ.”

“ನೋಡೇನ್ರಿ. ಕೃಷಿ ಮೇಳದಾಗ ಮಧ್ಯಾಹ್ನತನಕ ಅದರ ಮುಂದ ನಿಂತಿದ್ದೆ. ನೋಡಿದ್ದು ಖರೇ. ಕದ್ದಿಲ್ರಿ.”

(ನೋಡಿ ಕಲಿಯುವುದು ಎಲ್ಲಿ ಮುಗಿಯುತ್ತದೆ, ಕದಿಯುವುದು ಎಲ್ಲಿ ಶುರುವಾಗುತ್ತದೆ? ನಾನು ರೊಟ್ಟಿ ಬಡಿಯಲು ಕಲಿತದ್ದು ಅತ್ತೆಯವರನ್ನು ನೋಡಿ. ಅವರು ನೋಟಿಸ್ ಕೊಡಲಿಲ್ಲ, ಅಷ್ಟೇ.)

“ನಿಮ್ಮ ಮಷೀನ್ ತುಂಬು ಕತ್ತರಸ್ತೈತೋ, ಕೀಳತೈತೋ?”

“ಕೀಳತೈತ್ರಿ. ಎರಡು ರಬ್ಬರ್ ರೋಲರ್ ನಡುವ ಹಿಡದು ಎಳೀತೈತಿ. ಅವರದು ಬ್ಲೇಡು.”

ದೇಸಾಯಿಯವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಕೇಸು ಒಪ್ಪಿಕೊಂಡರು.

ಕಂಪನಿ ಕೋರ್ಟಿಗೆ ಹೋಯಿತು. ಕೇಸು ತೀರ್ಮಾನವಾಗುವ ತನಕ ಶಿವಾನಂದ ಮಷೀನ್ ಮಾಡಬಾರದು, ಮಾರಬಾರದು ಎಂದು ತಡೆ ಕೇಳಿತು. ಪೇಟೆಂಟ್ ಕೇಸುಗಳು ತೀರ್ಮಾನವಾಗುವುದು ಯಾವಾಗ? ಅಲ್ಲಿಯವರೆಗೆ ವರ್ಕ್‌ಶಾಪ್ ಬಾಗಿಲು ಹಾಕಿದರೆ ಆಮೇಲೆ ಗೆದ್ದೂ ಏನು ಮಾಡುವುದು? ತಮ್ಮನಿಗೆ ಊಟ ಸೇರುತ್ತಿರಲಿಲ್ಲ.

ವಾದದ ದಿನ ನಾನೂ ಧಾರವಾಡಕ್ಕೆ ಹೋದೆ. ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚು. ಎದುರಿಗೆ ನಸ್ರೀನ್, ಅವಳ ಪಕ್ಕದಲ್ಲೇ ಎದುರಾಳಿಯಾಗಿ ಅವಳ ಗುರು. ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ಮಷೀನನ್ನು ಕೋರ್ಟಿಗೆ ತರಲಾದೀತೇ? ಲ್ಯಾಪ್‌ಟಾಪಿನಲ್ಲಿ ವಿಡಿಯೋ ತೋರಿಸಿದರು. ಜೊತೆಗೆ ಎರಡೂ ಮಷೀನಿನಿಂದ ಬಂದ ಮೆಣಸಿನಕಾಯಿಯ ಪಾಕೀಟು. ಪಾಕೀಟು ಬಿಚ್ಚಿದ್ದೇ ತಡ, ಮೊದಲು ಗುಮಾಸ್ತರು ಕೆಮ್ಮಿದರು, ಆಮೇಲೆ ಹಿಂದಿನ ಬೆಂಚು, ಕೊನೆಗೆ ಜಡ್ಜ್ ಸಾಹೇಬರು. ಪಾಕೀಟಿನ ಬಾಯಿ ಕಟ್ಟಿ ವಾದ ಮುಂದುವರಿಸಿ ಅಂದರು.

ವಾದ ಇಂಗ್ಲಿಷಿನಲ್ಲಿ. ನನಗೆ ದಕ್ಕಿದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ. ನಸ್ರೀನ್ ಅಂದಳು: ಮೆಣಸಿನಕಾಯಿಯನ್ನು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲಿಸಿ ತೊಟ್ಟನ್ನು ಬೇರೆ ಮಾಡುವುದು ನಮ್ಮ ಕ್ಲೈಂಟ್ ಕಂಡುಹಿಡಿದದ್ದು. ಅವರು ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಬ್ಲೇಡಿನ ಜಾಗದಲ್ಲಿ ರೋಲರ್ ಕೂರಿಸಿದ ಮಾತ್ರಕ್ಕೆ ಅದು ಬೇರೆ ಮಷೀನ್ ಆಗುತ್ತದೆಯೇ? ಹೀಗೇ ಬಿಟ್ಟರೆ ನಾಳೆ ಯಾರಾದರೂ ಯಾಕೆ ಹೊಸದನ್ನು ಕಂಡುಹಿಡಿಯಬೇಕು?

ಎಷ್ಟು ಚೆನ್ನಾಗಿ ಹೇಳಿದಳೆಂದರೆ ನಾನು ತಲೆಯಾಡಿಸುತ್ತಿದ್ದೆ. ತಮ್ಮ ಮೊಣಕೈಯಿಂದ ತಿವಿದ ಮೇಲೆ ನೆನಪಾಯಿತು, ನಾನು ಯಾರ ಕಡೆಯವಳು ಎಂದು.

ದೇಸಾಯಿಯವರು ಎದ್ದು ನಿಂತರು. ದನಿ ಏರಿಸಲಿಲ್ಲ. ಈ ಪೇಟೆಂಟಿನಲ್ಲಿ ಎಲ್ಲ ಕಡೆ ‘ಕತ್ತರಿಸುವ’ ಎಂದೇ ಇದೆ, ‘ಕೀಳುವ’ ಎಂದು ಒಂದು ಕಡೆಯೂ ಇಲ್ಲ ಅಂದರು. ಇದನ್ನು ಬರೆದವರು ಬಹಳ ಜಾಣರು, ಶಬ್ದದ ಬೆಲೆ ಬಲ್ಲವರು. ಕೀಳುವುದೂ ತಮ್ಮದೇ ಎಂದಿದ್ದರೆ ಖಂಡಿತ ಬರೆಯುತ್ತಿದ್ದರು. ಬರೆದಿಲ್ಲ. ಯಾಕೆಂದರೆ ಅದು ಅವರದಲ್ಲ.

ಬರೆದವಳು ಅವರ ಪಕ್ಕದಲ್ಲೇ ಕುಳಿತಿದ್ದಳು. ಆ ಪೇಟೆಂಟನ್ನು ಶಬ್ದಗಳಲ್ಲಿ ಕಟ್ಟಿದವಳೂ ನಸ್ರೀನೇ. ಗುರು ಶಿಷ್ಯೆಯನ್ನು ತುಂಬಿದ ಕೋರ್ಟಿನಲ್ಲಿ ಹೊಗಳಿದರು. ಹೊಗಳಿಯೇ ಕಟ್ಟಿಹಾಕಿದರು. ಅವಳು ತಲೆ ಬಗ್ಗಿಸಿ ಒಂದು ಹಾಳೆ ತಿರುವಿದಳು, ಮತ್ತೆ ಎದ್ದು ಮೊದಲಿನಷ್ಟೇ ಗಟ್ಟಿಯಾಗಿ ವಾದಿಸಿದಳು. ತಮ್ಮನ ವಕೀಲರು ಗೆಲ್ಲುತ್ತಿದ್ದರೆ ನನಗೆ ಸಂಕಟ ಯಾಕಾಗಬೇಕು?

ವರಾಂಡದಲ್ಲಿ ದೇಸಾಯಿಯವರು ನನಗೆ ಹೇಳಿದರು, “ಕಥಿ ಬರಿಯೋರಿಗಿಂತ ಹೆಚ್ಚಿನ ಕಲ್ಪನಾ ಬೇಕ್ರಿ ಈ ಕೆಲಸಕ್ಕ. ಮುಂದ ಯಾರು ಯಾರು ಹೆಂಗ್ಹೆಂಗ ಮಾಡಬಹುದು, ಎಲ್ಲಾ ಇವತ್ತ ಕುಂತು ಊಹಿಸಬೇಕು. ಒಂದು ಶಬ್ದ ಬಿಟ್ಟೋತು ಅಂದ್ರ ಮುಗೀತು.”

ಕೆಲವು ವಾರದ ಮೇಲೆ ಆದೇಶ ಬಂತು. ತಡೆ ಇಲ್ಲ. ಕೇಸು ನಡೆಯಲಿ, ಮಷೀನೂ ನಡೆಯಲಿ. ತಮ್ಮ ಫೋನಿನಲ್ಲೇ ಅತ್ತ. ನಾನೂ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಓಣಿಯಲ್ಲಿ ನಸ್ರೀನಳ ಸ್ಕೂಟಿ ಬಂದು ನಿಂತಿತು. ನಾನು ಕಿಟಕಿಯಿಂದ ಹಿಂದೆ ಸರಿದೆ. ಗೆದ್ದವರು ಹೀಗೆ ಅಡಗಿಕೊಳ್ಳುತ್ತಾರೆಯೇ?

ಆಮೇಲೆ ಇಬ್ರಾಹಿಂ ಸಾಹೇಬರಿಂದ ಗೊತ್ತಾಯಿತು. ಕಂಪನಿ ಕೇಸನ್ನು ಅವಳಿಂದ ತೆಗೆದು ದೂರದ ಊರಿನ ದೊಡ್ಡ ವಕೀಲರಿಗೆ ಕೊಟ್ಟಿತ್ತು. ಅವಳಿಗಿದ್ದ ಅತಿ ದೊಡ್ಡ ಕ್ಲೈಂಟ್ ಅದು.

ಅದೇ ವಾರ ಅವಳೇ ನಮ್ಮ ಮನೆಗೆ ಬಂದಳು. ಎಷ್ಟೋ ದಿನದ ಮೇಲೆ. ರೊಟ್ಟಿ, ಝುಣಕ ಬಡಿಸಿದೆ. ತಡೆಯಲಾರದೆ ಕೇಳಿಯೂಬಿಟ್ಟೆ.

“ಸೈನ್ಸ್ ಓದಿದವ್ರನ್ನ ಹುಡುಕ್ರಿ ಅಂದಿ. ಅಂದ್ರ ನಿಮ್ಮ ಗುರುಗಳ ಕಡೀನ ಹೋಗ್ತೀವಿ ಅಂತ ನಿನಗ ಗೊತ್ತಿತ್ತು. ಬೇಕಂತನ ಹೇಳಿದೇನು?”

“ಎದುರಿಗೆ ತಿಳಿದವ್ರು ನಿಂತ್ರ ಕೇಸ್ ನೆಟ್ಟಗ ನಡೀತೈತಿ ಕಾಕು. ಅಷ್ಟ.”

“ಸೋತಿದ್ದಕ್ಕ ಬ್ಯಾಸರ ಆತೇನು?”

“ಭಾಳ.”

“ನನ್ನ ತಮ್ಮ ಉಳಕೊಂಡ. ಅದಕ್ಕ?”

ಅವಳು ಇನ್ನೊಂದು ತುತ್ತು ರೊಟ್ಟಿ ಮುರಿದಳು. “ಅದನ್ನ ಕೇಳಬ್ಯಾಡ್ರಿ.”

ಆ ಒಂದು ಶಬ್ದದ ಬಗ್ಗೆ ಕೇಳಿದೆ. ‘ಕೀಳುವ’ ಎಂದು ಬರೆಯಲು ಮರೆತಳೇ, ಕಂಪನಿಯವರು ಬೇಡ ಅಂದಿದ್ದರೇ? ಅದಕ್ಕೂ ಬಾಯಿ ಬಿಡಲಿಲ್ಲ. ಕೇಸು ಕೈಬಿಟ್ಟುಹೋದರೂ ಕ್ಲೈಂಟ್ ಹೇಳಿದ ಮಾತು ಹೊರಗೆ ಬರಬಾರದಂತೆ. ನಿನ್ನದೇ ತಪ್ಪು ಎಂದು ಊರು ಅಂದುಕೊಂಡರೂ ಸರಿಯೇ ಎಂದು ಕೇಳಿದರೆ, ಸರಿ ಅಂದಳು.

ಇಷ್ಟಕ್ಕೇ ಮುಗಿಯಿತೇ? ಇಲ್ಲ. ಹೋದ ವಾರ ತಮ್ಮ ಬಂದಿದ್ದ. ಅವನ ಮಷೀನಿಗೆ ಈಗ ಬೀಜ ಉದುರದ ಹಾಗೆ ಏನೋ ಹೊಸದು ಜೋಡಿಸಿದ್ದಾನೆ. ಅದಕ್ಕೆ ಪೇಟೆಂಟ್ ಮಾಡಿಸಬೇಕಂತೆ.

“ನಸ್ರೀನಗ ಕೇಳ ಅಕ್ಕಾ.”

“ಆಕಿಗೆ ಅಷ್ಟ ಬೈದಿದ್ದೆಲ್ಲೊ?”

“ಬೈದಿದ್ದೆ. ನಿಮ್ಮನ್ಯಾಗ ಕುಂತು ಓದಿದಾಕಿ, ನಮಗ ಒಂದ ಮಾತು ಬಿಟ್ಟುಕೊಡಲಿಲ್ಲ. ಅಂಥಾಕಿ ನನ್ನ ಗುಟ್ಟು ಯಾರಿಗೆ ಬಿಟ್ಟುಕೊಡ್ತಾಳ?”

ಹೋಗಿ ಕೇಳಿದೆ. “ಆಗಂಗಿಲ್ಲ ಕಾಕು. ಅದೂ ಅದ ಮಷೀನಿನ ಕೆಲಸ. ಆ ಕಂಪನಿಯವ್ರು ಹೇಳಿದ್ದೆಲ್ಲಾ ನನ್ನ ತಲ್ಯಾಗ ಐತಿ,” ಅಂದಳು.

“ಅವ್ರು ನಿನ್ನ ತಗದ ಹಾಕಿದ್ರಲ್ಲ?”

“ಅವ್ರು ನನ್ನ ತಗದ್ರು. ನಾ ತಲ್ಯಾಗಿಂದು ಹೆಂಗ ತಗೀಲಿ?”

ತಮ್ಮನಿಗೆ ಹೇಳಿದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು, “ಹಂಗಾರ ಆಕಿಯಂಥಾಕಿನ್ನ ಇನ್ನೊಬ್ಬಾಕಿನ್ನ ಹುಡುಕು,” ಅಂದ.

ಧಾರವಾಡದ ಓದುಗರೊಬ್ಬರು ಮೊನ್ನೆ ಫೋನ್ ಮಾಡಿದ್ದರು. ಅವರ ಮಗಳು ಎಂಜಿನಿಯರಿಂಗ್ ಮುಗಿಸಿ ಇದೇ ದಾರಿ ಹಿಡಿಯುತ್ತೇನೆ ಅನ್ನುತ್ತಿದ್ದಾಳಂತೆ. ಛಲೋ ಲೈನ್ ಹೌದೋ ಅಲ್ಲವೋ ಹೇಳ್ರಿ ಮೇಡಂ, ಅಂದರು. ಕೆಲಸಕ್ಕೆ ಬರವಿಲ್ಲ, ಮರ್ಯಾದೆ ಇದೆ, ತಲೆಗೆ ಮೇವಿದೆ, ಕಳಿಸಿ ಅಂದೆ. ಕೇಳಬೇಕಾದ ಇನ್ನೊಂದು ಮಾತನ್ನು ಅವರಿಗೆ ಕೇಳಲಿಲ್ಲ. ಅದನ್ನು ಇಲ್ಲಿ ಕೇಳಿಬಿಡುತ್ತೇನೆ.

ನಿಮ್ಮ ಮಗಳು ನಿಮ್ಮ ಎದುರಿಗೇ ಬಾಯಿ ಮುಚ್ಚಿಕೊಂಡು ನಿಂತ ದಿನ, ಅವಳನ್ನು ಮೆಚ್ಚಿಕೊಳ್ಳಲು ನಿಮಗೆ ಆದೀತೇ?