ಒಂದೇ ಎಳೆತದ ಗಂಟು

ಆಕೆ ಬಾಯಿ ತೆರೆದರೆ ಮೂರು ಹೊಲದಾಚೆಯ ಎಮ್ಮೆಯೂ ಕತ್ತೆತ್ತಿ ನೋಡುತ್ತಿತ್ತು. ಅದಕ್ಕೇ ಊರವರು ಗುಡುಗಮ್ಮ ಎನ್ನುತ್ತಿದ್ದರು. ಅವಳ ಕೊಟ್ಟಿಗೆಯಲ್ಲಿ ಸರಪಳಿ ಇರಲಿಲ್ಲ. ಬರೀ ಹಗ್ಗ, ಹಗ್ಗಕ್ಕೆ ಅವಳದೇ ಗಂಟು: ದನ ಜಗ್ಗಿದಷ್ಟೂ ಬಿಗಿಯುತ್ತದೆ, ಜೋತಾಡುವ ತುದಿಯನ್ನು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಈ ಗುಟ್ಟು ಕೆಂಪು ಹಸುವಿಗೂ ತಿಳಿದುಹೋಗಿತ್ತು. ತುದಿಯನ್ನು ಬಾಯಲ್ಲಿ ಎಳೆದು ಬಿಡಿಸಿಕೊಂಡು ಹಿಂಡಿ ಮೂಟೆಗೆ ನುಗ್ಗುತ್ತಿತ್ತು, ಕಳ್ಳ ಮುಂಡೇದು. ಹಾಗಾಗಿ ಅದರ ಗಂಟಿನ ತುದಿಯನ್ನು ಮಾತ್ರ ಕುಣಿಕೆಯೊಳಗೆ ತುರುಕಬೇಕು. ಮೈದುನ ಅದನ್ನು ದಿನವೂ ಮರೆತು ದಿನವೂ ಬೈಸಿಕೊಳ್ಳುತ್ತಿದ್ದ. ತಾಯಿಯಿಲ್ಲದ ಅವನನ್ನು ಅವಳೇ ತೊಟ್ಟಿಲಿನಿಂದ ಸಾಕಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರೇ.

ಹೊಳೆ ದಂಡೆ ಒಡೆದು ನುಗ್ಗಿದಾಗ ಅವಳು ಎದೆಮಟ್ಟದ ನೀರಿನಲ್ಲಿ ನಿಂತು ಗಂಟುಗಳನ್ನೆಲ್ಲ ಎಳೆದಳು. ದನಗಳು ಈಜಿ ದಿಬ್ಬ ಹತ್ತಿದವು. ನೆರೆಮನೆಯವು ಸರಪಳಿ ಜಗ್ಗುತ್ತ, ಕುತ್ತಿಗೆಯ ಚರ್ಮ ಸುಲಿದುಕೊಂಡು ಗೂಟದಲ್ಲೇ ಮುಳುಗಿದವು. ಸರ್ಕಾರ ಪರಿಹಾರ ಸಾರಿತು, ಸತ್ತ ದನಕ್ಕೆ ಮಾತ್ರ. ಹೆಣದ ಫೋಟೊ ಬೇಕು, ಕಿವಿಯಲ್ಲಿ ಬಿಲ್ಲೆ ಇರಬೇಕು. ಬಣವೆ ಕೊಚ್ಚಿಹೋಗಿ, ಕೊಟ್ಟಿಗೆಯ ಗೋಡೆ ಬಿದ್ದರೂ ಗುಡುಗಮ್ಮನಿಗೆ ಸೊನ್ನೆ. ಬದುಕಿಸಿದ್ದಕ್ಕೆ ದಂಡ! ಇಂಥ ಬುದ್ಧಿ ಕಚೇರಿಯ ಕುರ್ಚಿಯಲ್ಲದೆ ಇನ್ನೆಲ್ಲಿ ಹುಟ್ಟೀತು?

"ಅತ್ತಿಗೆ, ನಿಮ್ಮ ಗಂಟೇ ನಮ್ಮ ಬಾಯಿಗೆ ಮಣ್ಣು ಹಾಕ್ತು," ಎಂದ ಮೈದುನ. "ಕೆಂಪನ್ನ ಮುಗಿಸಿಬಿಡೋಣ. ಗೋಡೆ ಬಿದ್ದು ಸತ್ತಿತು ಅಂದ್ರಾಯ್ತು. ಆ ದುಡ್ಡಲ್ಲಿ ಉಳಿದವಕ್ಕೆ ಹುಲ್ಲು ಬರುತ್ತೆ."

"ಗಬ್ಬದ ಹಸು ಕಣೋ ಅದು!" ಅವಳು ಬಿಟ್ಟ ಏಟಿಗೆ ಅವನ ತುಟಿ ಒಡೆಯಿತು. "ಮುಟ್ಟಿ ನೋಡು, ಕೈ ಮುರಿದುಹಾಕ್ತೀನಿ."

ಅವನು ರಕ್ತ ಉಗುಳಿದ. ಹಸಿದ ದನಗಳ ಕೂಗು ಅವನಿಗೂ ಕೇಳುತ್ತಿತ್ತು.

ಸತ್ತ ದನಗಳ ಲೆಕ್ಕಕ್ಕೆ ಕಚೇರಿಯ ಫೋಟೊದವರು ಬರುವ ದಿನ ಅವಳು ಮೇವು ಹುಡುಕಲು ಹೋದಳು. ಮೈದುನ ಕೆಂಪನ್ನು ಬಿದ್ದ ಗೋಡೆಯ ಪಕ್ಕದ ಕಂಬಕ್ಕೆ ಕಟ್ಟಿದ. ಅದೇ ಗಂಟು, ಅವನ ಕೈಗೆ ಬೇರೆಯದು ಬರುತ್ತಲೇ ಇರಲಿಲ್ಲ. ತುದಿ ತುರುಕುವುದನ್ನು ಅಂದೂ ಮರೆತ. ಕೊಡಲಿ ತರುವಷ್ಟರಲ್ಲಿ ತುದಿ ಹಸುವಿನ ಬಾಯಲ್ಲಿತ್ತು. ಹಣೆಗೆ ಬೀಸಿದ ಏಟು ಕೊಂಬಿನ ಬುಡಕ್ಕೆ ಬಿದ್ದು ಕೊಂಬು ಮುರಿಯಿತು. ಹಸು ತಲೆ ಒದರಿದ್ದೇ ಗಂಟು ಬಿಚ್ಚಿತು. ಉಳಿದ ಕೊಂಬಿನಿಂದ ಅದು ಅವನನ್ನು ಕಂಬಕ್ಕೆ ಒತ್ತಿ ಇರಿಯಿತು, ಮತ್ತೆ ಮತ್ತೆ ಇರಿಯಿತು.

ಚೀರಾಟ ಕೇಳಿ ಅವಳು ಓಡಿಬಂದಾಗ ಅವನು ಸೀಳಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕುಸಿದಿದ್ದ.

"ತುದಿ ಮರೆತೆ, ಅತ್ತಿಗೆ," ಎಂದ.

ಆವತ್ತೊಂದು ದಿನ ಅವಳು ಬೈಯಲಿಲ್ಲ. ಆಸ್ಪತ್ರೆಗೆ ಒಯ್ಯಲು ಗಾಡಿ ಬರುವ ಮೊದಲೇ ಅವಳ ಮಡಿಲಲ್ಲಿ ಅವನ ಉಸಿರು ನಿಂತಿತು.

ಅಷ್ಟರಲ್ಲಿ ಫೋಟೊದವರು ಬಂದರು. "ಆ ಕೊಲೆಗಡುಕ ಹಸುವನ್ನ ಹೊಡೆದುಹಾಕಮ್ಮ," ಎಂದಳು ನೆರೆಮನೆಯಾಕೆ. "ಪರಿಹಾರನಾದ್ರೂ ಸಿಗುತ್ತೆ."

ಗುಡುಗಮ್ಮ ಕೊಡಲಿ ಎತ್ತಿಕೊಂಡಳು. ಕಂಬದ ಬಳಿಯೇ ನಿಂತಿದ್ದ ಕೆಂಪಿನ ಕಣ್ಣಿನ ಮೇಲೆ ರಕ್ತ ಇಳಿಯುತ್ತಿತ್ತು, ಹೊಟ್ಟೆಯಲ್ಲಿ ಕರು ಮಿಸುಕುತ್ತಿತ್ತು. ಕೊಲ್ಲಬೇಕೆಂದೇ ಬೀಸಿದಳು. ಕೊಡಲಿ ಹೇಗೋ ಕಂಬಕ್ಕೆ ಕಚ್ಚಿಕೊಂಡಿತು.

"ಇಲ್ಲಿ ದನ ಯಾವುದೂ ಸತ್ತಿಲ್ಲ, ಹೋಗ್ರೋ!" ಎಂದು ಅವಳು ಅರಚಿದ್ದು ದಿಬ್ಬದವರೆಗೂ ಕೇಳಿತು.

ಎಲ್ಲರೂ ಹೋದ ಮೇಲೆ ಕೆಂಪನ್ನು ಕಟ್ಟಿದಳು. ಬೆರಳುಗಳು ತಾವಾಗಿಯೇ ತುದಿ ತುರುಕಲು ಹೋದವು. ತಡೆದು, ತುದಿಯನ್ನು ಅದರ ಬಾಯಿಯ ಹತ್ತಿರಕ್ಕೇ ಜೋತುಬಿಟ್ಟಳು.

"ನಾನು ಮತ್ತೆ ಕೊಡಲಿ ತಗೊಂಡು ಬಂದ್ರೆ," ಎಂದಳು, "ಎಳ್ಕೊಂಡು ಓಡು."