ಮೂರು ವರ್ಷದ ಟೋಪಿ

ಅಮೆರಿಕದ ನ್ಯೂಕ್ಯಾಸಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕರಿದ್ದರು. ನಾನು ಮನಸ್ಸಿನಲ್ಲೇ ಅವರನ್ನು ಮಾಸ್ತರು ಎಂದು ಕರೆಯುತ್ತಿದ್ದೆ. ನನ್ನ ಗಂಡ ಬೆಳಿಗ್ಗೆ ಬಸ್ಸು ಹಿಡಿದು ಸೌತ್ ಲೇಕ್ ಯೂನಿಯನ್‌ನ ಆಫೀಸಿಗೆ ಹೋಗುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಕಿಟಕಿಯ ಬಳಿ ಕೂತು, ಧಾರವಾಡದಿಂದ ತಂದ ಸೀರೆಗೆ ಕಸೂತಿ ಹಾಕುತ್ತಿದ್ದೆ. ಅದನ್ನು ನೋಡಿಯೇ ಮಾಸ್ತರು ಒಂದು ದಿನ ಟೋಪಿ ಹಿಡಿದುಕೊಂಡು ಬಂದರು.

ಕೆಂಪು ಮಖಮಲ್ಲಿನ ಟೋಪಿ, ಮೇಲೊಂದು ಗೊಂಡೆ. ಕುಲಾವಿ ಅಂದುಕೊಂಡು, “ನೀವು ಕೂಸಿದ್ದಾಗಿನದಾ?” ಎಂದು ಕೇಳಿಬಿಟ್ಟೆ. ಅವರು ನಕ್ಕರು. ಅವರ ಅಜ್ಜ ನೂರು ವರ್ಷದ ಹಿಂದೆ ವೇಲ್ಸ್ ಪರವಾಗಿ ರಗ್ಬಿ ಆಡಿದವರಂತೆ. ದೇಶಕ್ಕಾಗಿ ಆಡಿದವರಿಗೆ ಇಂಥ ಟೋಪಿ ಕೊಟ್ಟು, ಆಡಿದ ವರ್ಷವನ್ನು ಅದರ ಮೇಲೆ ಜರಿಯಲ್ಲಿ ಹೊಲಿಯುತ್ತಿದ್ದರಂತೆ. ಈ ಟೋಪಿಯ ಮೇಲೆ ಮೂರು ವರ್ಷಗಳಿದ್ದವು.

ರಗ್ಬಿಯೆಂದರೆ ಕಬಡ್ಡಿ ಆಡುವವರ ನಡುವೆ ಯಾರೋ ಚೆಂಡು ಎಸೆದಂತೆ ಎಂಬಷ್ಟೇ ನನ್ನ ತಿಳಿವಳಿಕೆ. ಆದರೂ ಕೇಳದೆ ಇರಲಾಗಲಿಲ್ಲ. ದೇಶಕ್ಕೆ ಆಡಿದ ಮನುಷ್ಯ ಇಲ್ಲಿಗೆ ಯಾಕೆ ಬಂದ?

“ಆಟಕ್ಕೆ ಸಂಬಳ ಇರಲಿಲ್ಲ. ಇಲ್ಲಿನ ಕಲ್ಲಿದ್ದಲು ಗಣಿಯಲ್ಲಿ ಇತ್ತು,” ಎಂದರು ಮಾಸ್ತರು.

ಟೋಪಿಯನ್ನು ವೇಲ್ಸಿನ ಒಂದು ಸಂಗ್ರಹಾಲಯಕ್ಕೆ ಕೊಡಬೇಕೆಂದು ಅವರು ಬರೆದಿದ್ದರು. ಆಟಗಾರರ ಪಟ್ಟಿಯಲ್ಲಿ ಅಜ್ಜನ ಹೆಸರು ಮೊದಲ ವರ್ಷಕ್ಕೆ ಮಾತ್ರ ಇದೆ, ಉಳಿದೆರಡು ವರ್ಷಕ್ಕೆ ಇಲ್ಲ ಎಂದು ಉತ್ತರ ಬಂದಿತ್ತು. ಅದನ್ನು ಹೇಳುವಾಗ ಮಾಸ್ತರ ಕಿವಿ ಕೆಂಪಾಯಿತು.

“ಅಜ್ಜ ಸುಳ್ಳು ಹೇಳಿದಾನೆ. ಆ ಎರಡು ವರ್ಷ ಬಿಚ್ಚಿಕೊಡ್ತೀರಾ? ಗುರುತು ಉಳೀಬಾರದು.”

ಸಂಜೆ ಗಂಡನಿಗೆ ಹೇಳಿದೆ. “ಅಜ್ಜ ಊರಿಗೆಲ್ಲ ಟೋಪಿ ಹಾಕ್ಯಾನ. ನಿನಗ್ಯಾಕ ಮಂದಿ ಉಸಾಬರಿ?” ಎಂದರು.

“ಉಸಾಬರಿ ಅಲ್ರೀ. ನನಗ ಕೆಲಸ ಕೊಟ್ಟಾರ,” ಅಂದೆ. ಈ ದೇಶದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಅದು, ಖುಷಿಯಾಗಿತ್ತು.

ಮರುದಿನ ಕತ್ತರಿ ಹಿಡಿದು ಮಾಸ್ತರ ಮನೆಯ ಮೇಜಿನ ಮುಂದೆ ಕೂತೆ. ಟೋಪಿಯನ್ನು ಒಳಹೊರಗು ಮಾಡಿದರೆ, ಮೊದಲ ವರ್ಷದ ಹೊಲಿಗೆ ಕಾಣಲೇ ಇಲ್ಲ. ಒಳಬಟ್ಟೆ ಹಚ್ಚುವ ಮೊದಲೇ ಹಾಕಿದ್ದು, ಕಸುಬಿನವರ ಕೆಲಸ. ಉಳಿದೆರಡು ಮಾತ್ರ ಒಳಬಟ್ಟೆಯನ್ನೂ ತೂರಿ ಬಂದಿದ್ದವು, ಸಾದಾ ಹಳದಿ ದಾರ, ತುಂಬ ಗಂಟುಗಳು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗಂಟು ಕಂಡರೆ ನಮ್ಮವ್ವ ಬೆರಳಿಗೆ ಬಾರಿಸುತ್ತಿದ್ದಳು. ಹಾಗಾಗಿ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಒಂದು ಗಂಟನ್ನು ಕತ್ತರಿಸಿಯೂ ಬಿಟ್ಟೆ.

ಎರಡನೆಯದಕ್ಕೆ ಕತ್ತರಿ ಇಡುವಾಗ ಕೈ ನಿಂತಿತು. ಎರಡೆಳೆ ಹೊಸೆದು, ಮೂರು ಸಲ ಬಿಗಿದು, ಇಲಿಬಾಲದಷ್ಟು ದಾರ ಬಿಟ್ಟ ಗಂಟು. ಇಂಥದ್ದನ್ನು ಈ ಮನೆಯಲ್ಲೇ ಕಂಡಂತಿತ್ತು. ನನ್ನ ಮೊಣಕೈ ಕೆಳಗಿದ್ದ, ಹೂವು ಹೊಲಿದ ಮೇಜುಬಟ್ಟೆಯ ಮೂಲೆ ಮಗುಚಿ ನೋಡಿದೆ. ಅದೇ ಗಂಟು, ಅದೇ ಬಾಲ.

“ಈ ಮೇಜುಬಟ್ಟೆಯ ಹೂವು ಯಾರು ಹಾಕಿದ್ದು?”

“ನನ್ನ ಅಜ್ಜಿ.”

ಎರಡೂ ಕಡೆಯ ಗಂಟು ತೋರಿಸಿದೆ. ಮಾಸ್ತರು ಟೋಪಿ ಇಸಿದುಕೊಂಡು ಬೆರಳು ಮಡಚಿ ಲೆಕ್ಕ ಹಾಕಿದರು. ಆ ಎರಡೂ ವರ್ಷ ಅಜ್ಜ ಇಲ್ಲೇ ಇದ್ದರು. ಎದ್ದು ಹೋಗಿ ಗೋಡೆಯ ಮೇಲಿದ್ದ ಹಳೆಯ ಫೋಟೋ ತಂದರು. ಕಲ್ಲಿದ್ದಲ ರಾಶಿಯ ಮುಂದೆ ಕೆಸರು ಮೆತ್ತಿಕೊಂಡ ಗಣಿಯಾಳುಗಳು, ನಡುವೆ ಮೊಟ್ಟೆಯಂಥ ಚೆಂಡು ಹಿಡಿದ ಅಜ್ಜ. ಅಂಚಿನಲ್ಲಿ ಒಬ್ಬ ಹೆಂಗಸು, ಅವಳ ತೋಳಿನ ಮೇಲೆ ಗಂಡಸಿನ ಕೋಟು.

“ಇಲ್ಲೂ ಆಡ್ತಿದ್ದ,” ಎಂದರು ಮಾಸ್ತರು. “ಇಲ್ಲಿ ಟೋಪಿ ಕೊಡೋರು ಯಾರೂ ಇರಲಿಲ್ಲ.”

ನನಗೆ ಕತ್ತರಿ ಎಲ್ಲಿಡಬೇಕೋ ತಿಳಿಯದಷ್ಟು ನಾಚಿಕೆಯಾಯಿತು.

“ಎಷ್ಟು ಕತ್ತರಿಸಿದ್ರಿ?”

“ಒಂದೇ ಗಂಟು.”

“ಕಟ್ಟಿಬಿಡಿ. ಅವಳು ಕಟ್ಟಿದ ಹಾಗೇ.”

ಹಳದಿ ದಾರದ ಎಳೆ ಸೇರಿಸಿ ಹೊಸೆದು, ಮೂರು ಸಲ ಬಿಗಿದೆ. ಗಂಟು ತೀರ ಅಚ್ಚುಕಟ್ಟಾಗಿ ಬಂತು. ಅದನ್ನು ಬಿಚ್ಚಿ, ಬಾಲ ಬಿಟ್ಟು, ಮತ್ತೆ ಒರಟಾಗಿ ಹಾಕಿದೆ.