ಒಳಲಂಗದ ಲಾಡಿಯ ಕೆಳಗಿನ ಕಪ್ಪು ಕಲೆ

ಒಂದು ಗಾಯ ಕಂಡು ನಾನು ಕುಣಿದಾಡಿದ್ದು ಜೀವನದಲ್ಲಿ ಅದೊಂದೇ ಸಲ. ಅದೂ ಅತ್ತೆಯ ಮೈಮೇಲಿನ ಗಾಯ. ಕೇಳಿದವರು ಇವಳೆಂಥ ಸೊಸೆಯಪ್ಪಾ ಎಂದುಕೊಂಡಾರು, ಆದ್ದರಿಂದ ನಡೆದದ್ದನ್ನು ಸರಿಯಾಗಿಯೇ ಹೇಳಿಬಿಡುತ್ತೇನೆ.

ಕಾರ್ತಿಕದ ಮಳೆ ಹಿಡಿದುಕೊಂಡಿತ್ತು. ನುಂಗಂಬಾಕ್ಕಂನ ನಮ್ಮ ಬೀದಿಯಲ್ಲಿ ಮನೆಗೊಬ್ಬರಿಗೆ ಜ್ವರ. ಅತ್ತೆಗೂ ಬಂತು. ರಕ್ತಪರೀಕ್ಷೆ ಮಾಡಿಸಿದರೆ ಡೆಂಗಿಯೂ ಅಲ್ಲ, ಟೈಫಾಯಿಡೂ ಅಲ್ಲ. ಜ್ವರ ಮಾತ್ರ ಬಿಡಲಿಲ್ಲ. ಮಾತ್ರೆ ನುಂಗಿದರೆ ಬೆವರಿ ಇಳಿಯುವುದು, ಮತ್ತೆ ನಡುಗಿಸಿಕೊಂಡು ಏರುವುದು. ತಲೆ ಸಿಡಿಯುತ್ತದೆಂದು ಹಣೆಗೆ ಬಟ್ಟೆ ಬಿಗಿದು ಮಲಗಿದ್ದರು. ಏಕಾದಶಿ ಯಾವಾಗ ಎಂದು ಪಂಚಾಂಗ ನೋಡದೆ ಹೇಳುವ ಅತ್ತೆ, ಒಂದು ಬೆಳಿಗ್ಗೆ ನನ್ನನ್ನು ಯಾವಾಗಲೋ ತೀರಿಹೋದ ತಂಗಿಯ ಹೆಸರು ಹಿಡಿದು ಕರೆದರು. ಗಂಡ ಪ್ಯಾರೀಸ್ ಕಾರ್ನರಿನ ಹೋಟೆಲಿನ ಕೆಲಸಕ್ಕೆ ಹೋಗಿಯಾಗಿತ್ತು. ಕಾಲೇಜಿಗೆ ಹೊರಟಿದ್ದ ಮಗಳನ್ನು ನಿಲ್ಲಿಸಿಕೊಂಡು, ಆಟೋದಲ್ಲಿ ಅತ್ತೆಯನ್ನು ಕ್ಲಿನಿಕ್ಕಿಗೆ ಕರೆದೊಯ್ದೆ.

ಡಾಕ್ಟರು ಚಿಕ್ಕ ಪ್ರಾಯದ ತಮಿಳರು. ಕಂಕುಳು, ಕುತ್ತಿಗೆ, ಕಿವಿಯ ಹಿಂದೆ ಎಲ್ಲ ಟಾರ್ಚ್ ಹಾಕಿ ನೋಡಿದರು. "ಪಾಟಿ, ಒಡಂಬುಲ ಎಂಗೆಯಾವದು ಕರುಪ್ಪಾ ಪುಣ್ಣು ಇರುಕ್ಕಾ?" ಎಂದರು. ಅಜ್ಜಿ, ಮೈಮೇಲೆ ಎಲ್ಲಾದರೂ ಕಪ್ಪು ಹುಣ್ಣು ಇದೆಯೇ ಎಂದು. ಅತ್ತೆ ಇಲ್ಲವೆಂದರು. ಸೊಂಟ ನೋಡಬೇಕು ಎಂದದ್ದೇ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟರು.

"ಅಲ್ಲಿ ಎಂತದೂ ಇಲ್ಲ ಅಂತ ಹೇಳು ಮಾರಾಯ್ತಿ. ಮೊಮ್ಮಗನ ಪ್ರಾಯದ ಹುಡುಗ!"

ಡಾಕ್ಟರು ಒತ್ತಾಯಿಸಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಇದು ಸ್ಕ್ರಬ್ ಟೈಫಸ್ ಇರಬಹುದಂತೆ. ಹುಲ್ಲಿನಲ್ಲಿರುವ, ಕಣ್ಣಿಗೂ ಕಾಣದಷ್ಟು ಸಣ್ಣ ಹುಳ ಕಚ್ಚಿ ಬರುವ ಜ್ವರ. ಬೇಗ ಮದ್ದು ಕೊಟ್ಟರೆ ಇಳಿಯುತ್ತದೆ, ತಡವಾದರೆ ಶ್ವಾಸಕೋಶಕ್ಕೇ ಇಳಿದೀತು. ರಕ್ತದ ವರದಿ ಬರುವುದು ಮರುದಿನ. ಕಚ್ಚಿದ ಜಾಗ ಬೀಡಿಯಿಂದ ಸುಟ್ಟ ಹಾಗೆ ಕಪ್ಪಗಿರುತ್ತದೆ, ನೋವಿಲ್ಲ, ತುರಿಕೆಯಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಮೈ ಒರೆಸುವಾಗ ಹುಡುಕಿ, ಸಿಕ್ಕಿದರೆ ಫೋಟೋ ಕಳಿಸಿ, ವರದಿಗೆ ಕಾಯದೆ ಮದ್ದು ಶುರು ಮಾಡೋಣ ಎಂದರು.

ಮನೆಗೆ ಬಂದವಳೇ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದೆ. ಬಾಯಲ್ಲಿ ಧನ್ವಂತರಿಯ ಹೆಸರು, ಕಣ್ಣು ಅತ್ತೆಯ ಚರ್ಮದ ಮೇಲೆ. ಬೆನ್ನಿನಲ್ಲಿಲ್ಲ, ಮಂಡಿಯ ಹಿಂದಿಲ್ಲ. ಸೊಂಟದಲ್ಲಿ ಒಳಲಂಗದ ಲಾಡಿ ಒತ್ತಿ ಒತ್ತಿ ಕಪ್ಪಾದ ಪಟ್ಟಿ. ಅದು ನನಗೂ ಇದೆ. ದಿನಾ ಸೀರೆ ಉಡುವ ಯಾವ ಹೆಂಗಸಿಗಿಲ್ಲ? ಅದನ್ನು ಯಾರಾದರೂ ಗಾಯವೆಂದು ನೋಡುತ್ತಾರೆಯೇ? ಅತ್ತೆ ಇಲ್ಲವೆಂದದ್ದು ಸುಳ್ಳೇನಲ್ಲ. ನನ್ನ ಕಣ್ಣೂ ದಾಟಿ ಮುಂದೆ ಹೋಯಿತು. ಒದ್ದೆ ಬಟ್ಟೆ ಮಾತ್ರ ಒಂದು ಕಡೆ ತಡೆಯಿತು.

ಬೆರಳಿಟ್ಟೆ. ಪಟ್ಟಿ ನುಣುಪು, ಅದರ ನಡುವೆ ಕಾವಲಿಗೆ ಹತ್ತಿದ ಕರಿಕಿನ ಹಾಗೆ ಒರಟು ಹಕ್ಕಳೆ, ಸುತ್ತ ಕೆಂಪು. ಮಗಳು ಫೋನಿನ ಬೆಳಕು ಹತ್ತಿರ ತಂದಳು. ಕಪ್ಪಿನಲ್ಲಿ ಕಪ್ಪಾಗಿ ಅಡಗಿ ಕೂತಿತ್ತು!

"ಸಿಕ್ತು! ಸಿಕ್ತು!" ನಾನು ಚಪ್ಪಾಳೆ ಹೊಡೆದೆ.

ಅತ್ತೆ ಕಣ್ಣು ಬಿಟ್ಟರು. "ಎಂತ ಸಿಕ್ಕಿತು? ನಿನ್ನ ಕಿವಿಯ ಓಲೆಯಾ?"

"ಗಾಯ ಅತ್ತೆ, ಗಾಯ!"

"ಅದಕ್ಕೆ ಹೀಗೆ ಕುಣಿಯುದಾ?"

ಮಗಳು ಫೋನ್ ಹಿಡಿದದ್ದು ಕಂಡು ಸೆರಗು ಎಳೆದುಕೊಂಡರು. "ನನ್ನ ಸೊಂಟದ ಪಟ ತೆಗೆದು ಆ ಹುಡುಗನಿಗೆ ಕಳಿಸುದಾ? ಮಾನ ಮರ್ಯಾದೆ ಉಂಟಾ ನಿಮಗೆ?"

ಮಗಳು ಸುತ್ತಲೂ ಟವೆಲ್ ಮುಚ್ಚಿ, ಆ ಕಲೆಯಷ್ಟನ್ನೇ ಬಿಟ್ಟು ಪಟ ತೆಗೆದು ತೋರಿಸಿದಳು. "ಅಜ್ಜಿ, ಇಂಗ ಪಾರುಂಗ, ನೋಡಿ ಇಲ್ಲಿ. ಇದು ಸೊಂಟವಾ, ಕರಿದುಹೋದ ದೋಸೆಯಾ, ಯಾರಿಗೆ ಗೊತ್ತಾಗುತ್ತೆ?"

ಅತ್ತೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ದೋಸೆಯೇ," ಎಂದರು. "ಕಳಿಸು."

ಸ್ವಲ್ಪ ಹೊತ್ತಿನಲ್ಲೇ ಡಾಕ್ಟರ ಫೋನ್ ಬಂತು. ಅದೇ, ಸಂಶಯವೇ ಬೇಡ, ಈಗಲೇ ಮಾತ್ರೆ ಕೊಡಿ ಎಂದು ಅದರ ಹೆಸರು ಬರೆಸಿದರು. ಹುಲ್ಲಿನಲ್ಲಿ ಓಡಾಡಿದ್ದರಾ ಎಂದೂ ಕೇಳಿದರು. ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅತ್ತೆ ಗಣಪತಿಗೆ ಗರಿಕೆ ಕೊಯ್ದು ತಂದದ್ದು ಆಗ ನೆನಪಾಯಿತು. ದೇವರ ಕೆಲಸಕ್ಕೆ ಹೋಗಿ ಹೀಗಾಯಿತೇ ಎಂದು ನನಗನ್ನಿಸಲಿಲ್ಲ. ಹುಳಕ್ಕೇನು ಗೊತ್ತು? ಆ ಮಾತ್ರೆ ಬೀದಿಯ ಮೂಲೆಯ ಮೆಡಿಕಲ್‌ನಲ್ಲೇ ಸಿಕ್ಕಿತು, ಅಷ್ಟು ಹೊತ್ತು ಮಳೆಯೂ ಬಿಟ್ಟು ಹೊಳವಾಗಿತ್ತು. ದೇವರ ದಯೆ ಬಂದದ್ದು ಆ ದಾರಿಯಲ್ಲಿ.

ಮರುದಿನ ಜ್ವರ ಇಳಿಯಿತು. ಏರೀತು, ಈಗ ಏರೀತು ಎಂದು ಹಣೆ ಮುಟ್ಟುತ್ತಲೇ ಇದ್ದೆ. ಏರಲಿಲ್ಲ. ಅದರ ಮಾರನೆ ಬೆಳಿಗ್ಗೆ ದೇವರ ದೀಪ ಹಚ್ಚಿ ಬಂದರೆ ಅತ್ತೆ ಗೋಡೆಗೊರಗಿ ಕೂತಿದ್ದಾರೆ. ನನ್ನನ್ನು ನನ್ನ ಹೆಸರಿನಿಂದಲೇ ಕರೆದರು.

"ಬಾಚಣಿಗೆ ಕೊಡು. ಈ ತಲೆ ಕಂಡರೆ ದೇವರೇ ಹೆದರಿಯಾನು."

ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದೆ. ಸಂತೋಷದಲ್ಲಿ ಬಾಚಣಿಗೆಯನ್ನು ಬಿರುಸಾಗಿ ಎಳೆದುಬಿಟ್ಟೆ.

"ಮೆಲ್ಲ, ಮೆಲ್ಲ! ಇದೆಂತ, ಸೊಪ್ಪು ಕೀಳುದಾ?" ಎಂದು ಗದರಿದರು, ಅಡುಗೆಮನೆವರೆಗೂ ಕೇಳುವಂಥ ದೊಡ್ಡ ದನಿಯಲ್ಲಿ.